ಕಾರ್ಯತಂತ್ರವೂ ಉದ್ಯಮಶೀಲತೆಯೂ ಒಂದೇ ಕೋರ್ಸಿನಲ್ಲಿ: ಕಲಿಸಿದವರು, ಕಲಿತವರು ಹೇಳಿ

ಪ್ರಶ್ನೆ: ಮುಂದಿನ ಸೆಮಿಸ್ಟರ್‌ನಲ್ಲಿ ಎಂಬಿಎ ವಿದ್ಯಾರ್ಥಿಗಳಿಗೆ ಈ ಎರಡನ್ನೂ ಒಟ್ಟಿಗೆ ಕಲಿಸಬೇಕಾಗಿದೆ. ಒಂದು ‘ಯೋಚಿಸಿ ಹೆಜ್ಜೆ ಇಡು’ ಎನ್ನುತ್ತದೆ, ಇನ್ನೊಂದು ‘ಮೊದಲು ಮಾಡಿ ನೋಡು’ ಎನ್ನುತ್ತದೆ. ಹೇಗೆ ಹೊಂದಿಸುವುದು?

ಅಧ್ಯಾಪಕಿ: ಹೊಂದಿಸಲು ಹೋಗಲೇಬೇಡಿ, ಎರಡಕ್ಕೂ ಜಗಳ ಹಚ್ಚಿ. ನಾನು ಜಪಾನಿನ ಹೋಂಡಾ ಕಂಪನಿ ಅಮೆರಿಕದಲ್ಲಿ ಬೈಕು ಮಾರಿದ ಪ್ರಕರಣವನ್ನು ಚರ್ಚೆಗೆ ಎರಡು ಸಲ ಕೊಡುತ್ತೇನೆ. ಮೊದಲು, ಬ್ರಿಟಿಷ್ ಸರ್ಕಾರಕ್ಕಾಗಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಸಂಸ್ಥೆ 1975ರಲ್ಲಿ ಕೊಟ್ಟ ವರದಿ. ಅದನ್ನು ಓದಿದರೆ ಎಲ್ಲವೂ ಲೆಕ್ಕಾಚಾರ: ಸ್ವದೇಶದಲ್ಲಿ ಭಾರಿ ಪ್ರಮಾಣದ ಉತ್ಪಾದನೆ, ಇಳಿದ ವೆಚ್ಚ, ಸಣ್ಣ ಬೈಕುಗಳೊಂದಿಗೆ ಅಮೆರಿಕ ಪ್ರವೇಶ. ವಿದ್ಯಾರ್ಥಿಗಳು ತಲೆದೂಗುತ್ತಾರೆ. ಮರುವಾರ, ಹೋಂಡಾ ಅಧಿಕಾರಿಗಳನ್ನೇ ಮಾತಾಡಿಸಿ ನಿರ್ವಹಣಾ ಚಿಂತಕ ರಿಚರ್ಡ್ ಪ್ಯಾಸ್ಕಲ್ 1984ರಲ್ಲಿ ಪ್ರಕಟಿಸಿದ ಲೇಖನ. 1959ರಲ್ಲಿ ಲಾಸ್ ಏಂಜಲೀಸ್‌ಗೆ ಬಂದ ಹೋಂಡಾದವರು ನೆಚ್ಚಿಕೊಂಡಿದ್ದು ದೊಡ್ಡ ಬೈಕುಗಳನ್ನು. ಅವುಗಳಲ್ಲಿ ಎಣ್ಣೆ ಸೋರಿತು, ಕ್ಲಚ್ ಕೈಕೊಟ್ಟಿತು. ತಾವು ಓಡಾಡಲು ಇಟ್ಟುಕೊಂಡಿದ್ದ 50 ಸಿಸಿ ಸೂಪರ್ ಕಬ್ ಜನರ ಕಣ್ಣಿಗೆ ಬಿತ್ತು! ಆಗ ಮೊದಲ ವರದಿಯೇ ಸುಳ್ಳೆಂದು ಹಾರಾಡುವವರು ಇದ್ದೇ ಇರುತ್ತಾರೆ. ಅವರಿಗೆ ನನ್ನ ಪ್ರಶ್ನೆ ಒಂದೇ: ಬೇಡಿಕೆ ಬಂದಾಗ ಅಗ್ಗವಾಗಿ ಪೂರೈಸುವ ಕಾರ್ಖಾನೆ ಜಪಾನಿನಲ್ಲಿ ಇರದಿದ್ದರೆ? ಮುಂದೆ ನಾನು ಮಾತಾಡಬೇಕಾಗಿಲ್ಲ.

ಹಳೆಯ ವಿದ್ಯಾರ್ಥಿ: ಪ್ರಕರಣದ ಕೊನೆಯನ್ನು ಬಚ್ಚಿಡಿ. ಕ್ಯಾಮೆರಾ ಫಿಲ್ಮ್ ಕಂಪನಿ ಕೊಡಾಕ್ ಎಂದೊಡನೆ ನಾವೆಲ್ಲ ಜಾಣರಾಗಿಬಿಡುತ್ತಿದ್ದೆವು. 2012ರಲ್ಲಿ ದಿವಾಳಿ ಅರ್ಜಿ ಹಾಕಿದ್ದು ಗೊತ್ತಿತ್ತಲ್ಲ! ಹೆಸರು ಮುಚ್ಚಿ, 1975ರ ಅವರ ಡಿಜಿಟಲ್ ಕ್ಯಾಮೆರಾ ಮಾದರಿಯನ್ನಷ್ಟೇ ಮುಂದಿಡಿ. ಫಿಲ್ಮ್ ಲಾಭ ತರುತ್ತಿರುವಾಗ ದುಡ್ಡು ಎತ್ತ ಹಾಕುತ್ತೀರಿ ಎಂದು ಬರೆಸಿ.

ಇನ್ನೊಬ್ಬ ಅಧ್ಯಾಪಕ: ಅಂಕ ಯಾವುದಕ್ಕೆ ಎಂಬುದನ್ನೂ ಯೋಚಿಸಿ. ವ್ಯವಹಾರ ಯೋಜನೆಗೆ ಅಂಕವಿಟ್ಟರೆ ಐದು ವರ್ಷದ ಲಾಭದ ಕೋಷ್ಟಕ ಚೆಂದವಾಗಿ ಬರುತ್ತದೆ, ಗ್ರಾಹಕ ಮಾತ್ರ ಎಲ್ಲೂ ಇರುವುದಿಲ್ಲ. ಉದ್ಯಮಶೀಲತೆಯ ಸಂಶೋಧಕಿ ಸಾರಸ್ ಸರಸ್ವತಿ 27 ಅನುಭವಿ ಉದ್ಯಮಿಗಳ ಯೋಚನಾಕ್ರಮವನ್ನು ಅಧ್ಯಯನ ಮಾಡಿ 2001ರಲ್ಲಿ ಹೇಳಿದ್ದು ಇದಕ್ಕೆ ಹೊಂದುತ್ತದೆ: ಅವರು ಕೈಯಲ್ಲಿರುವುದರಿಂದ ಶುರು ಮಾಡುತ್ತಾರೆ, ತಡೆದುಕೊಳ್ಳಬಹುದಾದ ನಷ್ಟವೆಷ್ಟೆಂದು ಮೊದಲು ನೋಡುತ್ತಾರೆ. ನಾನು ಸಂದರ್ಶನದ ಟಿಪ್ಪಣಿಗಳಿಗೆ ಅಂಕ ಕೊಡುತ್ತೇನೆ. ‘ಇದನ್ನು ಕೊಳ್ಳುತ್ತೀರಾ?’ ಎಂದು ಕೇಳುವಂತಿಲ್ಲ, ಮುಖ ನೋಡಿ ಎಲ್ಲರೂ ಹೂಂ ಎನ್ನುತ್ತಾರೆ. ‘ಈ ತೊಂದರೆಯನ್ನು ಈಗ ಹೇಗೆ ನಿಭಾಯಿಸುತ್ತಿದ್ದೀರಿ, ಖರ್ಚೆಷ್ಟು?’ ಎಂದು ಕೇಳಬೇಕು. ತಿದ್ದುವುದು ಬೇಸರದ ಕೆಲಸ, ಅದು ನಿಜ.

ಪ್ರಶ್ನೆ ಕೇಳಿದವರು: ಹೋಂಡಾ ಜೋಡಿಯನ್ನು ಮೊದಲ ವಾರವೇ ಕೊಡಬಹುದೇ?

ಅಧ್ಯಾಪಕಿ: ಬೇಡ. ಉದ್ಯಮದ ಪೈಪೋಟಿಯನ್ನು ವಿಶ್ಲೇಷಿಸುವ ಚೌಕಟ್ಟಾದ ಮೈಕೆಲ್ ಪೋರ್ಟರ್ ಅವರ ಐದು ಬಲಗಳನ್ನು ಕಲಿತ ಮೇಲೆ ಕೊಡಿ. ಇಲ್ಲದಿದ್ದರೆ ಪ್ಯಾಸ್ಕಲ್ ಲೇಖನ ಅವರಿಗೆ ಬರೀ ಅದೃಷ್ಟದ ಕಥೆಯಾಗಿ ಕಾಣುತ್ತದೆ.