ಅಪ್‌ಡೇಟ್: ಅಡಿಕೆ ಒಡೆದ ಕಥೆಯಲ್ಲ, ರಾಜಮುದ್ರೆಯ ಕಥೆ

ರಾಜಕುಮಾರನೊಬ್ಬ ಬಡ ಹುಡುಗನ ಗೆಳೆಯನಾಗುವ, ಯಾರೋ ಏನೋ ಭಾರವಾದದ್ದರಿಂದ ಅಡಿಕೆ ಒಡೆಯುವ ಕಥೆ ಯಾವುದು ಎಂದು ಕಳೆದ ವಾರ ಕೇಳಿದ್ದೆ. ಸಿಕ್ಕಿತು!

‘ಎ ಲಿಟಲ್ ಪ್ರಿನ್ಸೆಸ್’ ಇರಬಹುದು ಎಂದವರ ಮಾತು ಕೇಳಿ ಮೊದಲು ಅದನ್ನೇ ಓದಿದೆ. ಸಾರಾ ಮತ್ತು ಕೆಲಸದ ಹುಡುಗಿ ಬೆಕಿಯ ಸ್ನೇಹ ಚೆನ್ನಾಗಿದೆ, ಆದರೆ ಸಾರಾ ರಾಜಕುಮಾರಿಯೇ ಅಲ್ಲ, ಹಾಗೆಂದು ಕಲ್ಪಿಸಿಕೊಳ್ಳುವವಳು. ‘ಮುದ್ರೆ’ ಎಂಬ ಒಂದೇ ಪದದಲ್ಲಿ ಸುಳಿವು ಕೊಟ್ಟವರು ಗೆದ್ದರು: ಅದು ಮಾರ್ಕ್ ಟ್ವೇನ್ 1881ರಲ್ಲಿ ಪ್ರಕಟಿಸಿದ ‘ದಿ ಪ್ರಿನ್ಸ್ ಅಂಡ್ ದಿ ಪಾಪರ್’.

ನನ್ನ ನೆನಪು ಅರ್ಧ ಸುಳ್ಳು. ಒಡೆದದ್ದು ಅಡಿಕೆಯಲ್ಲ, ಗಟ್ಟಿ ಸಿಪ್ಪೆಯ ಕಾಯಿಗಳು. ಒಡೆದವನು ರಾಜಕುಮಾರನೊಂದಿಗೆ ಬಟ್ಟೆ ಬದಲಿಸಿಕೊಂಡು ಅರಮನೆಯಲ್ಲಿ ಅವನ ಜಾಗದಲ್ಲಿ ಉಳಿದುಬಿಟ್ಟ ಬಡ ಹುಡುಗ ಟಾಮ್ ಕ್ಯಾಂಟಿ, ಅದೂ ಇಂಗ್ಲೆಂಡಿನ ರಾಜಮುದ್ರೆಯಿಂದ! ಪಾಪ, ಅದೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ರಾಜಕುಮಾರ ಎಡ್ವರ್ಡ್ ಅದನ್ನು ಗೋಡೆಯ ಮೇಲಿದ್ದ ರಕ್ಷಾಕವಚದ ತೋಳಿನೊಳಗೆ ಬಚ್ಚಿಟ್ಟಿದ್ದ. ಕೊನೆಗೆ ಪಟ್ಟಾಭಿಷೇಕದ ದಿನ ಅವನೇ ನಿಜವಾದ ರಾಜ ಎಂದು ಸಾಬೀತಾಗುವುದೂ ಆ ಜಾಗ ನೆನಪಾದದ್ದರಿಂದಲೇ.

ಇನ್ನೊಂದು ಅಚ್ಚರಿ: ಇಬ್ಬರೂ ಪುಸ್ತಕದುದ್ದಕ್ಕೂ ಜೊತೆಯಾಗಿ ಆಡುತ್ತಾರೆಂದು ನಾನು ನಂಬಿದ್ದೆ. ಬಟ್ಟೆ ಬದಲಿಸಿಕೊಂಡ ಮೇಲೆ ಅವರು ಮತ್ತೆ ಎದುರಾಗುವುದು ಆ ಪಟ್ಟಾಭಿಷೇಕದಲ್ಲೇ. ಇನ್ನು ಆ ಎಡ್ವರ್ಡ್ ಚರಿತ್ರೆಯಲ್ಲಿ ಇದ್ದವನೇ. 1547ರಲ್ಲಿ, ಒಂಬತ್ತನೇ ವಯಸ್ಸಿಗೆ ಪಟ್ಟಕ್ಕೆ ಬಂದು ಹದಿನೈದಕ್ಕೇ ತೀರಿಕೊಂಡ. ಮಗಳಿಗೆ ಇದನ್ನು ಇನ್ನೂ ಹೇಳಿಲ್ಲ. ಅವಳು ಸದ್ಯಕ್ಕೆ ಮನೆಯಲ್ಲಿ ಮುದ್ರೆ ಬಚ್ಚಿಡುವ ಜಾಗ ಹುಡುಕುತ್ತಿದ್ದಾಳೆ.