ಲಾಂಗ್ ರೈಡ್ ಮುಗಿಸಿ ಬಂದ ಮೇಲೆ ಮುಂದಿನ ಬ್ರೇಕ್ ಆಯಿಲ್ ಲೀಕ್: ಗೋಣಿಕೊಪ್ಪದಿಂದ ಮೈಸೂರಿಗೆ ಓಡಿಸಬಹುದಾ?

ಗೋಣಿಕೊಪ್ಪ_200:
ಎಲ್ಲರಿಗೂ ನಮಸ್ಕಾರ. ಗಾಡಿ 200 ಸಿಸಿ, 2019ರ ಕೊನೆಯ ಮಾಡೆಲ್, ಎರಡೂ ಕಡೆ ಡಿಸ್ಕ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋದು) ಮುಂದಿನ ಚಕ್ರಕ್ಕೆ ಮಾತ್ರ. ದಾಂಡೇಲಿ, ಗೋಕರ್ಣ ಸುತ್ತಿ ಮಂಗಳೂರು, ಸುಳ್ಯ, ಸಂಪಾಜೆ ಘಾಟಿ ಮೇಲೆ ಮನೆಗೆ ವಾಪಸ್. ತೊಳೆಯೋಕೆ ನಿಲ್ಲಿಸಿದಾಗ ನೋಡಿದರೆ ಮುಂದಿನ ಕ್ಯಾಲಿಪರ್ (ಪಿಸ್ಟನ್‌ನಿಂದ ಪ್ಯಾಡನ್ನು ಡಿಸ್ಕಿಗೆ ಅದುಮುವ ಭಾಗ) ಕೆಳಗೆ ಒದ್ದೆ, ರಿಮ್ ಒಳಬದಿಗೆ ಎಣ್ಣೆಯಂಥ ಗೆರೆ, ಅದರ ಮೇಲೆಲ್ಲ ಕೆಮ್ಮಣ್ಣು ಅಂಟಿದೆ. ಹ್ಯಾಂಡಲ್ ಮೇಲಿನ ಡಬ್ಬಿಯ ಕಿಟಕಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತಲೂ ಕೆಳಗಿದೆ. ಲಿವರ್ ಮೆತ್ತಗಾಗಿದೆ. ಎರಡು ಮೂರು ಸಲ ಪಂಪ್ ಮಾಡಿದರೆ ಗಟ್ಟಿಯಾಗತ್ತೆ, ಒತ್ತಿ ಹಿಡಿದರೆ ನಿಧಾನಕ್ಕೆ ಇಳಿಯತ್ತೆ.

ಇದು ಕ್ಯಾಲಿಪರ್ ಸೀಲಾ, ಹೋಸ್ ಜಾಯಿಂಟಾ? ಆಯಿಲ್ ಟಾಪಪ್ ಮಾಡಿ, ಹಿಂದಿನ ಬ್ರೇಕ್ ನಂಬಿಕೊಂಡು ತಿತಿಮತಿ, ಆನೆಚೌಕೂರು, ಹುಣಸೂರು ಮೇಲೆ ಮೈಸೂರಿನ ಸರ್ವಿಸ್ ಸೆಂಟರ್‌ಗೆ ಹೋಗಬಹುದಾ? ಇಲ್ಲೇ ಬಿಚ್ಚುವುದಾದರೆ ಏನೇನು ತರಿಸಬೇಕು?

ಮಡಿಕೇರಿ_ಸ್ಪ್ಯಾನರ್:
ಓಡಿಸಬೇಡಿ. ನಿಲ್ಲಿಸುವ ಬಲದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದ್ದು. ತಿತಿಮತಿಯಿಂದ ಆಚೆ ಕಾಡಿನ ರಸ್ತೆ, ತಿರುವಿನಲ್ಲಿ ಆನೆ ನಿಂತಿದ್ದರೆ ಹಿಂದಿನ ಬ್ರೇಕ್ ಒಂದರಿಂದ ಏನೂ ಆಗಲ್ಲ. ಇನ್ನೊಂದು ವಿಷಯ, ಸೋರಿದ್ದು ಪ್ಯಾಡಿಗೆ ತಾಗಿದ್ದರೆ ಲಿವರ್ ಗಟ್ಟಿಯಿದ್ದರೂ ಡಿಸ್ಕ್ ಹಿಡಿಯಲ್ಲ. ಗಾಡಿ ಸಾಗಿಸಲೇಬೇಕಾದರೆ ಪಿಕಪ್‌ಗೆ ಏರಿಸಿ.

ಮೊದಲು ಸೋರಿದ್ದು ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಸೀಲ್ ಹೋಗಿದ್ದರೂ ಆಯಿಲ್ ಕೆಳಗಿಳಿದು ಕ್ಯಾಲಿಪರ್ ಮೇಲೇ ಕೂರುತ್ತೆ. ಗಾಜಿನ ಲೋಟದಲ್ಲಿ ನೀರು ತಗೊಂಡು, ಆ ಒದ್ದೆಯನ್ನು ಬಟ್ಟೆಯಲ್ಲಿ ಒರೆಸಿ ಎರಡು ಹನಿ ಹಿಂಡಿ. ನೀರಲ್ಲಿ ಕರಗಿ ಹೋದರೆ ಬ್ರೇಕ್ ಆಯಿಲ್. ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿ. ಮೇಲೆ ತೇಲಿದರೆ ಫೋರ್ಕ್ ಆಯಿಲ್. ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಸೀಲ್ ಹತ್ತಿರ ಎಣ್ಣೆಯ ಉಂಗುರ ಇದೆಯಾ ಅಂತಾನೂ ನೋಡಿ.

ಆಮೇಲೆ ಕ್ಯಾಲಿಪರ್, ಹೋಸ್ ಎರಡನ್ನೂ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಮುಖದ ಪೌಡರ್ ಉದುರಿಸಿ, ಲಿವರ್ ಗಟ್ಟಿ ಒತ್ತಿ ಒಂದೆರಡು ನಿಮಿಷ ಹಿಡಿದಿರಿ. ಪೌಡರ್ ಎಲ್ಲಿ ಮೊದಲು ಒದ್ದೆಯಾಗತ್ತೋ ಲೀಕ್ ಅಲ್ಲೇ. ನೋಡಬೇಕಾದ ಜಾಗಗಳು: ಹೋಸ್ ಕ್ಯಾಲಿಪರ್‌ಗೆ ಸೇರುವ ಬ್ಯಾಂಜೋ ಬೋಲ್ಟ್, ಏರ್ ತೆಗೆಯುವ ನಿಪ್ಪಲ್, ಪಿಸ್ಟನ್ ಸುತ್ತ, ಮೇಲೆ ಲಿವರ್ ಹತ್ತಿರದ ರಬ್ಬರ್ ಬೂಟಿನ ಒಳಗೆ, ಎಬಿಎಸ್ ಯೂನಿಟ್‌ಗೆ ಹೋಗುವ ಪೈಪುಗಳ ತುದಿ.

ಒಂದು ಪ್ರಶ್ನೆ. ದಾರಿಯಲ್ಲಿ ಪ್ಯಾಡ್ ಬದಲಾಯಿಸಿದ್ರಾ?

ಗೋಣಿಕೊಪ್ಪ_200:
ಹೌದು ಅಣ್ಣ, ಕುಮಟಾ ಹತ್ತಿರ ರಸ್ತೆ ಬದಿಯ ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಹಾಕಿಸಿದ್ದು. ಹನಿ ನೀರಲ್ಲಿ ಕರಗ್ತು. ಪೌಡರ್ ಒದ್ದೆಯಾಗಿದ್ದು ಪಿಸ್ಟನ್ ಸುತ್ತ, ಎರಡರಲ್ಲಿ ಕೆಳಗಿನದ್ದು. ಬ್ಯಾಂಜೋ, ನಿಪ್ಪಲ್, ಲಿವರ್ ಬೂಟ್ ಎಲ್ಲ ಒಣಗಿವೆ.

ಮಡಿಕೇರಿ_ಸ್ಪ್ಯಾನರ್:
ಹಾಗಾದರೆ ಸೀಲೇ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಹೊರಗೆ ಬರ್ತಾ ಹೋಗುತ್ತೆ, ಅಷ್ಟು ಆಯಿಲ್ ಡಬ್ಬಿಯಿಂದ ಕೆಳಗಿಳಿದು ಜಾಗ ತುಂಬುತ್ತೆ. ಅದಕ್ಕೇ ಪ್ಯಾಡ್ ಹಳೆಯದಾದಾಗ ಲೆವೆಲ್ ಸ್ವಲ್ಪ ಇಳಿಯೋದು ಸಹಜ, ಅದು ಲೀಕ್ ಅಲ್ಲ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳಿದರೆ ಅದೇ ಆಯಿಲ್ ಮೇಲಕ್ಕೆ ಬರಬೇಕು. ನಿಮ್ಮದರಲ್ಲಿ ಪ್ಯಾಡ್ ಹೊಸದು, ಆದರೂ ಲೆವೆಲ್ ಕೆಳಗೆ. ಅಂದರೆ ಹೊರಗೆ ಹೋಗಿದ್ದು ಸಣ್ಣ ಪ್ರಮಾಣವಲ್ಲ.

ಪಿಸ್ಟನ್‌ನ ಹೊರಚಾಚಿದ ಭಾಗಕ್ಕೆ ತಿಂಗಳುಗಟ್ಟಲೆ ಕೆಸರು, ಪ್ಯಾಡಿನ ಪುಡಿ, ತುಕ್ಕು ಅಂಟಿಕೊಂಡಿರುತ್ತೆ. ನಮ್ಮ ಕಡೆಯ ಮಳೆಗಾಲ ದಾಟಿದ ಗಾಡಿಯಲ್ಲಂತೂ ಇದ್ದೇ ಇರುತ್ತೆ. ಅದನ್ನು ಒರೆಸದೆ ಸ್ಕ್ರೂಡ್ರೈವರ್ ಹಾಕಿ ಒಳಗೆ ತಳ್ಳಿದರೆ ಆ ಕೊಳೆ ಸೀಲಿನ ಅಂಚನ್ನು ಗೀರಿಕೊಂಡೇ ಹೋಗುತ್ತೆ. ಮೊದಲ ದಿನ ಏನೂ ಗೊತ್ತಾಗಲ್ಲ, ಘಾಟಿಯಲ್ಲಿ ಕ್ಯಾಲಿಪರ್ ಬಿಸಿಯಾಗಿ ಒತ್ತಡ ಏರಿದಾಗ ಹನಿ ಶುರು.

ತರಿಸಬೇಕಾದ್ದು: ನಿಮ್ಮ ಮಾಡೆಲ್‌ನ ಕ್ಯಾಲಿಪರ್ ಸೀಲ್ ಕಿಟ್. ಪಿಸ್ಟನ್ ಒಂದಕ್ಕೆ ಎರಡು ಉಂಗುರ. ಒಳಗಿನದು ದಪ್ಪ, ಒತ್ತಡ ತಡೆಯೋದು, ಹೊರಗಿನದು ತೆಳು, ಧೂಳಿಗೆ. ಎರಡು ಪಿಸ್ಟನ್‌ಗೆ ನಾಲ್ಕು. ಬ್ಯಾಂಜೋಗೆ ಹೊಸ ವಾಷರ್ ಎರಡು. ಡಾಟ್ 4 ಆಯಿಲ್ 250 ಎಂಎಲ್, ಸೀಲ್ ಒಡೆಯದ ಬಾಟಲಿ. ಇನ್ನೊಂದು ಸೆಟ್ ಪ್ಯಾಡ್. ಮೈಸೂರಿನಿಂದ ಬಸ್ಸಿಗೆ ಪಾರ್ಸೆಲ್ ಹಾಕಿಸಿದರೆ ಸಾಕು, ಗಾಡಿ ಹೋಗಬೇಕಾಗಿಲ್ಲ.

ಕುಟ್ಟ_ರೋಡ್:
ಕಿಟ್‌ಗೆಲ್ಲ ಯಾಕೆ ಕಾಯೋದು? ಪಿಸ್ಟನ್ ಬಿಚ್ಚಿ, ಸೀಲನ್ನು ಪೆಟ್ರೋಲಲ್ಲಿ ತೊಳೆದು, ಗ್ರೀಸ್ ಹಚ್ಚಿ ತಿರುಗಿಸಿ ಹಾಕಿದರೆ ನಡೆಯತ್ತೆ. ಪ್ಯಾಡನ್ನು ಗ್ಯಾಸ್ ಒಲೆ ಮೇಲೆ ಕಾಯಿಸಿದರೆ ಆಯಿಲ್ ಸುಟ್ಟು ಹೋಗತ್ತೆ.

ಸುಳ್ಯ_ಘಾಟಿ:
ಎರಡೂ ಬೇಡ ಮಾರಾಯ್ರೇ. ಬ್ರೇಕ್ ಸೀಲಿನ ರಬ್ಬರ್ ಗ್ಲೈಕಾಲ್‌ಗೆ ಒಗ್ಗಿದ್ದು, ಪೆಟ್ರೋಲ್, ಡೀಸೆಲ್, ಇಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಯಾವುದು ತಾಗಿದರೂ ಉಬ್ಬುತ್ತದೆ. ಉಬ್ಬಿದ ಸೀಲ್ ಪಿಸ್ಟನನ್ನು ಬಿಗಿಯಾಗಿ ಹಿಡಿದುಕೊಂಡು ಬಿಡುವುದಿಲ್ಲ, ಆಗ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ, ಆಯಿಲ್ ಕುದಿಯುತ್ತದೆ. ಎರಡು ದಿನ ಲೀಕ್ ನಿಂತ ಹಾಗೆ ಕಾಣುವುದೂ ಈ ಉಬ್ಬಿನಿಂದಲೇ. ಆ ದಪ್ಪ ಸೀಲಿಗೆ ಇನ್ನೊಂದು ಕೆಲಸ ಉಂಟು: ಲಿವರ್ ಒತ್ತಿದಾಗ ಅದು ಪಿಸ್ಟನ್ ಜತೆ ಸ್ವಲ್ಪ ಬಾಗಿ, ಬಿಟ್ಟಾಗ ಪಿಸ್ಟನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುವುದು. ಹಳೇ ಸೀಲನ್ನು ತಿರುಗಿಸಿ ಹಾಕಿದರೆ ಅದೂ ಹೋಯಿತು.

ಪ್ಯಾಡ್ ಕಾಯಿಸಿದರೆ ಮೇಲಿನದು ಸುಡುತ್ತದೆ, ಒಳಗೆ ಹೀರಿದ್ದು ಬ್ರೇಕ್ ಬಿಸಿಯಾದಾಗ ಮತ್ತೆ ಹೊರಗೆ. ಬಿಸಾಡಿ. ಡಿಸ್ಕನ್ನು ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ.

ಬಾಟಲಿ ಕೊಳ್ಳುವಾಗ ಡಾಟ್ 5 ಅಂತ ಬರೆದದ್ದು ಮುಟ್ಟಬೇಡಿ, ಅದು ಸಿಲಿಕೋನ್, ನಿಮ್ಮದರ ಜತೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಅದು ಗ್ಲೈಕಾಲೇ.

ಪೊನ್ನಂಪೇಟೆ_ಟೂಲ್‌ಬಾಕ್ಸ್:
ಬಿಚ್ಚುವ ಕ್ರಮ ಹೇಳ್ತೇನೆ, ಇಲ್ಲಿ ಅವಸರ ಮಾಡಿದರೆ ಎಬಿಎಸ್ ಯೂನಿಟ್‌ಗೆ ಗಾಳಿ ಸೇರುತ್ತೆ.

ಮೊದಲು ಟ್ಯಾಂಕ್, ಮಡ್‌ಗಾರ್ಡ್ ಮೇಲೆ ದಪ್ಪ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಪೇಂಟಿಗೆ ಆಯಿಲ್ ಬಿದ್ದರೆ ಒರೆಸಬೇಡಿ, ಕೂಡಲೇ ನೀರು ಸುರಿಯಿರಿ. ಡಬ್ಬಿ ಮುಚ್ಚಳದ ಸುತ್ತ ತೊಳೆದು ಒರೆಸಿಯೇ ತೆರೆಯಿರಿ. ಆ ಸ್ಕ್ರೂಗಳ ತಲೆ ಬೇಗ ಕಿತ್ತು ಹೋಗುತ್ತೆ, ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಟ್ಟು ಮೇಲೊಂದು ಸಣ್ಣ ಏಟು ಕೊಟ್ಟು ತಿರುಗಿಸಿ. ಮೇಲಿನ ಗೆರೆಯವರೆಗೆ ಹೊಸ ಆಯಿಲ್ ತುಂಬಿ.

ಬ್ಯಾಂಜೋ ಬೋಲ್ಟನ್ನು ಕ್ಯಾಲಿಪರ್ ಫೋರ್ಕಿನಲ್ಲಿ ಇರುವಾಗಲೇ ಸ್ವಲ್ಪ ಸಡಿಲ ಮಾಡಿ ಮತ್ತೆ ಬಿಗಿ ಮಾಡಿಡಿ, ಕೈಯಲ್ಲಿ ಹಿಡಿದು ಬಿಚ್ಚೋದು ಕಷ್ಟ. ಈಗ ಕ್ಯಾಲಿಪರ್ ಕಳಚಿ, ಪ್ಯಾಡ್ ತೆಗೆದು, ಕ್ಯಾಲಿಪರ್ ಬಾಯಲ್ಲಿ ತೆಳು ಮರದ ಹಲಗೆ ಇಟ್ಟು ಲಿವರ್ ನಿಧಾನಕ್ಕೆ ಒತ್ತಿ. ಪಿಸ್ಟನ್‌ಗಳು ಹೊರಗೆ ಬರುತ್ತವೆ. ಒಂದು ಮುಂದೆ ಓಡಿದರೆ ಅದನ್ನು ಹಲಗೆಯಿಂದ ಅದುಮಿ ಹಿಡಿದು ಇನ್ನೊಂದನ್ನು ಬರಲು ಬಿಡಿ. ಒಂದು ಪೂರ್ತಿ ಹಾರಿ ಬಿದ್ದರೆ ಆಯಿಲ್ ಚೆಲ್ಲುವುದಲ್ಲದೆ ಇನ್ನೊಂದು ಅಲ್ಲೇ ಉಳಿಯುತ್ತೆ. ಎರಡೂ ಬೆರಳಿಗೆ ಸಿಗುವಷ್ಟು ಬಂದ ಮೇಲೆ ನಿಲ್ಲಿಸಿ. ಈ ಕೆಲಸದ ಉದ್ದಕ್ಕೂ ಡಬ್ಬಿ ಖಾಲಿಯಾಗಲು ಬಿಡಬೇಡಿ, ಸುರಿಯುತ್ತಾ ಇರಿ.

ಆಮೇಲೆ ಲಿವರನ್ನು ಅರ್ಧ ಒತ್ತಿ ಗ್ರಿಪ್‌ಗೆ ಕಟ್ಟಿಬಿಡಿ. ಮಾಸ್ಟರ್ ಸಿಲಿಂಡರ್ (ಲಿವರ್ ಹತ್ತಿರ ಆಯಿಲ್‌ಗೆ ಒತ್ತಡ ಕೊಡುವ ಭಾಗ) ಒಳಗಿನ ಪಿಸ್ಟನ್ ಡಬ್ಬಿಯ ತೂತನ್ನು ದಾಟಿ ನಿಲ್ಲುತ್ತೆ, ಹೋಸ್ ಬಿಚ್ಚಿದರೂ ಡಬ್ಬಿ ಸೋರಿ ಖಾಲಿಯಾಗಲ್ಲ. ಬ್ಯಾಂಜೋ ಬಿಚ್ಚಿ ಹೋಸಿನ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಮೇಲಕ್ಕೆ ಎತ್ತಿ ಕಟ್ಟಿ. ಪಿಸ್ಟನ್ ಹಿಡಿಯೋಕೆ ಇಕ್ಕಳ ಬೇಡ, ಗೀರು ಬೀಳುತ್ತೆ, ಕೈಯಲ್ಲೇ ತಿರುಗಿಸುತ್ತಾ ಎಳೆಯಿರಿ.

ಹಳೇ ಸೀಲನ್ನು ಬಿದಿರಿನ ಕಡ್ಡಿಯಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಸೀಲ್ ಕೂರುವ ಕ್ಯಾಲಿಪರ್‌ನೊಳಗಿನ ಕಾಲುವೆಯ ಅಂಚು ಕೆತ್ತಿಹೋಗುತ್ತೆ. ಆ ಕಾಲುವೆಯಲ್ಲಿ ಬಿಳಿ ಉಪ್ಪಿನಂಥ ಪದರ ಇರುತ್ತೆ, ಅಲ್ಯೂಮಿನಿಯಂ ತುಕ್ಕು. ಅದು ಉಳಿದರೆ ಹೊಸ ಸೀಲ್ ಒಳಗಿನಿಂದ ತಳ್ಳಿಸಿಕೊಂಡು ಪಿಸ್ಟನ್ ಬಿಗಿಯಾಗುತ್ತೆ, ಆದ್ದರಿಂದ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಹೊಸ ಸೀಲನ್ನು ಹೊಸ ಬ್ರೇಕ್ ಆಯಿಲ್‌ನಲ್ಲಿ ಅದ್ದಿ ಕೂರಿಸಿ, ಎಲ್ಲೂ ತಿರುಚಿಲ್ಲ ಅಂತ ಬೆರಳಾಡಿಸಿ ನೋಡಿ. ಪಿಸ್ಟನ್‌ಗೂ ಅದೇ ಆಯಿಲ್ ಸವರಿ, ಓರೆಯಾಗದಂತೆ ಹೆಬ್ಬೆರಳಿಂದ ನೇರ ಒಳಗೆ ಒತ್ತಿ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ.

ಗೋಣಿಕೊಪ್ಪ_200:
ಕಿಟ್ ಬಂತು, ಬಿಚ್ಚಿದೆ. ಕೆಳಗಿನ ಪಿಸ್ಟನ್ ಮೇಲೆ ಒಂದು ಉದ್ದ ಗೀರು, ಪಕ್ಕದಲ್ಲಿ ಸಣ್ಣ ಸಣ್ಣ ಕಪ್ಪು ಗುಳಿಗಳು. ಮೇಲಿನದ್ದು ನುಣ್ಣಗಿದೆ. ಎಮರಿ ಪೇಪರ್ ಹಾಕಿ ಉಜ್ಜಿದರೆ ಆಗಲ್ವಾ?

ಮಡಿಕೇರಿ_ಸ್ಪ್ಯಾನರ್:
ಉಗುರಿನಿಂದ ಅಡ್ಡಕ್ಕೆ ಗೀರಿ ನೋಡಿ. ಉಗುರು ಸಿಕ್ಕಿಕೊಂಡರೆ ಆ ಪಿಸ್ಟನ್ ಬದಲಾಯಿಸಲೇಬೇಕು. ಅದರ ಮೇಲಿರೋದು ತೆಳು ಲೇಪನ, ಎಮರಿ ಹಾಕಿದರೆ ಅದು ಕಿತ್ತು ಮುಂದಿನ ಮಳೆಗಾಲದಲ್ಲಿ ಇನ್ನೂ ಜೋರು ತುಕ್ಕು. ಬರೀ ಕಲೆ ಇದ್ದರೆ ಬಟ್ಟೆ, ಬ್ರೇಕ್ ಆಯಿಲ್‌ನಲ್ಲಿ ತಿಕ್ಕಿದರೆ ಹೋಗುತ್ತೆ. ಪ್ಯಾಡ್ ಕಡೆಯ ತುದಿಯಲ್ಲಿ, ಸೀಲ್‌ವರೆಗೆ ಬರದ ಜಾಗದಲ್ಲಿ ಗುಳಿ ಇದ್ದರೆ ಚಿಂತೆಯಿಲ್ಲ. ನಿಮ್ಮದು ಉದ್ದ ಗೀರು ಅಂದ ಮೇಲೆ ಸೀಲ್ ದಾಟುವ ಜಾಗವೇ. ಕೆಲವು ಮಾಡೆಲ್‌ಗೆ ಪಿಸ್ಟನ್ ಸೀಲ್ ಸಮೇತ ಕಿಟ್ ಸಿಗುತ್ತೆ, ಕೇಳಿ.

ಗೋಣಿಕೊಪ್ಪ_200:
ಉಗುರು ಸಿಕ್ಕಿಕೊಳ್ತು. ಪಿಸ್ಟನ್ ಆರ್ಡರ್ ಮಾಡಿದೆ. ಜೋಡಿಸಿದ ಮೇಲೆ ಏರ್ ತೆಗೆಯೋದು ಹೇಗೆ? ಎಬಿಎಸ್ ಇರೋದರಿಂದ ಕಂಪ್ಯೂಟರ್ ಬೇಕೇ ಬೇಕು ಅಂತ ಇಲ್ಲೊಬ್ಬರು ಹೇಳಿದರು.

ಪೊನ್ನಂಪೇಟೆ_ಟೂಲ್‌ಬಾಕ್ಸ್:
ಡಬ್ಬಿ ಖಾಲಿಯಾಗದೆ ಇದ್ದರೆ ಸಾಮಾನ್ಯವಾಗಿ ಬೇಡ. ಗಾಳಿ ಎಬಿಎಸ್ ಯೂನಿಟ್‌ನ ಒಳಗೆ ಸಿಕ್ಕಿಕೊಂಡರೆ ಮಾತ್ರ ಅದರ ಪಂಪ್ ಓಡಿಸಿ ಹೊರತಳ್ಳೋಕೆ ಸರ್ವಿಸ್ ಸೆಂಟರ್‌ನ ಟೂಲ್ ಬೇಕು.

ಬ್ಯಾಂಜೋದ ಎರಡೂ ಪಕ್ಕ ಹೊಸ ವಾಷರ್. ಹಳೆಯದು ಒಮ್ಮೆ ಅದುಮಿ ಆಕಾರ ತಗೊಂಡಿರುತ್ತೆ, ಮತ್ತೆ ಸರಿಯಾಗಿ ಕೂರಲ್ಲ. ಲೀಕ್ ನಿಲ್ಲಿಸೋಕೆ ಅಂತ ಬಲ ಹಾಕಿದರೆ ತೂತಿರುವ ಆ ಬೋಲ್ಟ್ ಕತ್ತರಿಸಿಯೇ ಹೋಗುತ್ತೆ. 10 ಎಂಎಂ ಬೋಲ್ಟಿಗೆ ಹೆಚ್ಚಿನ ಗಾಡಿಗಳಲ್ಲಿ 25ರಿಂದ 30 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಮ್ಯಾನ್ಯುಯಲ್‌ನ ಅಂಕಿಯೇ ಅಂತಿಮ. ನಿಪ್ಪಲ್ ಇನ್ನೂ ನಾಜೂಕು, ಸಣ್ಣ ಪಾನದಲ್ಲಿ ಮೆಲ್ಲಗೆ ಬಿಗಿ ಮಾಡಿದರೆ ಸಾಕು.

ನಿಪ್ಪಲ್‌ಗೆ ಮೊದಲು ರಿಂಗ್ ಪಾನ ಹಾಕಿ, ಆಮೇಲೆ ಪಾರದರ್ಶಕ ಪೈಪ್ ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿ, ಸ್ವಲ್ಪ ಆಯಿಲ್ ಒಳಗೆ ಮುಳುಗಿರಲಿ. ಲಿವರ್ ಒತ್ತಿ ಹಿಡಿದು, ನಿಪ್ಪಲ್ ಕಾಲು ಸುತ್ತು ತೆರೆದು, ಲಿವರ್ ಗ್ರಿಪ್ ಮುಟ್ಟುವ ಮೊದಲೇ ನಿಪ್ಪಲ್ ಮುಚ್ಚಿ, ಆಮೇಲೆ ಲಿವರ್ ಬಿಡಿ. ಕ್ರಮ ತಪ್ಪಿ ತೆರೆದಿರುವಾಗಲೇ ಬಿಟ್ಟರೆ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಗುಳ್ಳೆ ನಿಂತು, ಕಂದು ಬಣ್ಣ ಹೋಗಿ ಹೊಸ ಆಯಿಲಿನ ತಿಳಿ ಬಣ್ಣ ಬರುವವರೆಗೆ ಮಾಡಿ. 100 ಎಂಎಲ್ ಒಳಗೆ ಮುಗಿಯುತ್ತೆ. ಎಷ್ಟು ಮಾಡಿದರೂ ಲಿವರ್ ಮೆತ್ತಗೇ ಇದ್ದರೆ ಗಾಳಿ ಮೇಲೆ, ಮಾಸ್ಟರ್ ಸಿಲಿಂಡರ್‌ನ ಬ್ಯಾಂಜೋ ಹತ್ತಿರ ಕೂತಿರುತ್ತೆ, ಅದೇ ಎತ್ತರದ ಜಾಗ. ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಲಿವರ್ ಗ್ರಿಪ್‌ಗೆ ಕಟ್ಟಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಬಿಚ್ಚಿದಾಗ ಸಣ್ಣ ಗುಳ್ಳೆಗಳು ಡಬ್ಬಿಗೆ ಏರಿ ಹೋಗುತ್ತವೆ.

ಸುಳ್ಯ_ಘಾಟಿ:
ಆ ರಾತ್ರಿ ಕ್ಯಾಲಿಪರ್ ಕೆಳಗೆ ಬಿಳಿ ಟಿಶ್ಯೂ ಸುತ್ತಿಡಿ. ಬೆಳಿಗ್ಗೆ ಒಂದು ಚುಕ್ಕೆ ಇದ್ದರೂ ರಸ್ತೆಗೆ ಇಳಿಸಬೇಡಿ. ಟಿಶ್ಯೂ ಒಣಗಿದ್ದು, ಕೈಯಲ್ಲಿ ಒತ್ತಿ ಹಿಡಿದಾಗ ಲಿವರ್ ಮಾತ್ರ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಕಪ್ ಹೋಗಿದೆ ಅಂತ, ಅದಕ್ಕೆ ಬೇರೆ ಕಿಟ್.

ಮಿಕ್ಕ ಆಯಿಲ್ ಬಾಟಲಿ ಮುಂದಿನ ವರ್ಷಕ್ಕೆ ಅಂತ ಇಡಬೇಡಿ, ಕೊಡಗಿನ ಜೂನ್ ಜುಲೈ ತೇವ ಅದಕ್ಕೆ ಸಾಕು. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೂರಕ್ಕೆ 3.7 ಪಾಲು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮಾಕುಟ್ಟ ಘಾಟಿ ಇಳಿಯುವಾಗ ಲಿವರ್ ಇದ್ದಕ್ಕಿದ್ದಂತೆ ಗ್ರಿಪ್ ಮುಟ್ಟಿ, ಅರ್ಧ ಗಂಟೆ ನಿಲ್ಲಿಸಿದರೆ ಸರಿಹೋದರೆ ಅದು ಲೀಕ್ ಅಲ್ಲ, ಈ ನೀರು ಆವಿಯಾದದ್ದು. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಬರೆದಿರುತ್ತಾರೆ, ನಮ್ಮ ಮಳೆಗೆ ವರ್ಷಕ್ಕೊಮ್ಮೆ ಒಳ್ಳೆಯದು.

ಮಡಿಕೇರಿ_ಸ್ಪ್ಯಾನರ್:
ಹೊಸ ಪ್ಯಾಡ್ ಹಾಕಿದ ಮೇಲೆ ಗಾಡಿ ಹತ್ತುವ ಮೊದಲೇ ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ, ಮೊದಲ ಒತ್ತಿಗೆ ಏನೂ ಇರಲ್ಲ. ಮನೆ ಹತ್ತಿರದ ಖಾಲಿ ರಸ್ತೆಯಲ್ಲಿ 40ರಿಂದ 10ಕ್ಕೆ ಮಧ್ಯಮ ಬಲದಲ್ಲಿ ಹತ್ತಿಪ್ಪತ್ತು ಸಲ ಇಳಿಸಿ, ನಡುವೆ ಆರಲು ಬಿಡಿ. ಬಿಚ್ಚಿದ ಕೈಯಲ್ಲೇ ಹಿಂದಿನ ಡಬ್ಬಿಯನ್ನೂ ನೋಡಿಬಿಡಿ. ಎಷ್ಟೋ ಗಾಡಿಯಲ್ಲಿ ಅದು ಸೈಡ್ ಪ್ಯಾನೆಲ್ ಮರೆಯಲ್ಲಿ ಇರುತ್ತೆ, ಸೋರೋದು ಪೆಡಲ್ ಹತ್ತಿರದ ತಳ್ಳುಕಡ್ಡಿಯ ರಬ್ಬರ್ ಬೂಟಿನಿಂದ.