ಗುಳಿಗೆ ತಗೊಳ್ಳೋ ಮುಂಚೆ ವಾರದ ಲೆಕ್ಕ ಸರಿ ಮಾಡ್ಕೊಳ್ಳಿ

ಕೇಳಿದ್ದು: ಹುಬ್ಬಳ್ಳಿಯಿಂದ ಬರೀತಿದ್ದೇನೆ. ಎರಡನೇ ಮಗುವಿಗೆ ಈಗ ಹತ್ತು ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತೆ. ಅಷ್ಟರಲ್ಲೇ ಮತ್ತೆ ಗರ್ಭ ನಿಂತಿದೆ. ಮುಟ್ಟು ತಪ್ಪಿ ಒಂದೂವರೆ ತಿಂಗಳಾಯ್ತು, ಅಂದ್ರೆ ಆರು ವಾರ. ಬೇಡ ಅಂತ ನಾವಿಬ್ಬರೂ ತೀರ್ಮಾನಿಸಿದ್ದೇವೆ. ಮೆಡಿಕಲ್ ಶಾಪಿನಿಂದ ಗರ್ಭ ತೆಗೆಯೋ ಗುಳಿಗೆ ತಂದು ಮನೆಯಲ್ಲೇ ತಗೊಂಡ್ರೆ ನಡೆಯುತ್ತಾ? ಒಳಗೆ ಎಷ್ಟು ಬೆಳೆದಿರುತ್ತೆ?

ಧಾರವಾಡದಿಂದ: ತಂಗಿ, ಅಲ್ಲೇ ನಿಲ್ಲು. ನಾಲ್ಕು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡಿದ್ದೆ. ಡಾಕ್ಟರ್ ಎಣಿಸೋದು ಮುಟ್ಟು ತಪ್ಪಿದ ದಿನದಿಂದ ಅಲ್ಲ, ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ಹಂಗಾಗಿ ನಿನ್ನ ಆರು ವಾರಕ್ಕೆ ಇನ್ನೂ ನಾಲ್ಕು ಸೇರಿಸು. ಹತ್ತಾಯ್ತಲ್ವಾ? ಹಾಲುಣಿಸುವಾಗ ಮುಟ್ಟು ಹಿಂದೆಮುಂದೆ ಆಗುತ್ತೆ, ಆ ಲೆಕ್ಕವನ್ನೂ ಪೂರ್ತಿ ನಂಬೋಕಾಗಲ್ಲ.

ನಾನು ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನವನ ಅರ್ಧ ಲೀಟರ್ ಒಂದು ಲೀಟರ್ ಬರೆದಿರ್ತೀವಲ್ಲ, ಅದರ ಪಕ್ಕದಲ್ಲೇ ಬೆರಳಿಟ್ಟು ಎಣಿಸಿ ಆರು ವಾರ ಅಂದುಕೊಂಡಿದ್ದೆ. ಅಂಗಡಿಯವನು ಚೀಟಿ ಕೇಳಲಿಲ್ಲ, ಬಿಲ್ಲೂ ಕೊಡಲಿಲ್ಲ, ಪೇಪರಲ್ಲಿ ಸುತ್ತಿ ಕೈಗಿಟ್ಟ. ಎರಡು ದಿನ ರಕ್ತ ಜೋರಾಗಿ ಹೋಯ್ತು, ಮುಗೀತು ಅಂದುಕೊಂಡೆ. ಆಮೇಲೆ ಹದಿನೆಂಟು ದಿನ ನಿಲ್ಲಲೇ ಇಲ್ಲ. ಮೆಟ್ಟಿಲು ಹತ್ತಿದ್ರೆ ಕಣ್ಣು ಕತ್ತಲೆ. ಸ್ಕ್ಯಾನಿನಲ್ಲಿ ನೋಡಿದ್ರೆ ಒಳಗೆ ತುಣುಕು ಉಳಿದಿತ್ತು, ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಕೊನೆಗೆ ದವಾಖಾನೆಯಲ್ಲಿ ಕ್ಲೀನ್ ಮಾಡಿಸಬೇಕಾಯ್ತು. ಗುಳಿಗೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನನ್ನ ನೆಗೆಣ್ಣಿ ಏಳನೇ ವಾರಕ್ಕೆ ಡಾಕ್ಟರ್ ಹತ್ತಿರ ತೋರಿಸಿ ಅದೇ ಗುಳಿಗೆ ತಗೊಂಡಳು, ವಾರದಲ್ಲಿ ಆರಾಮಾದಳು.

ಬೆಳವಣಿಗೆ ಕೇಳಿದ್ದಿ. ಆರು ವಾರಕ್ಕೆ ಜೋಳದ ಕಾಳಿನಷ್ಟು, ಹೃದಯದ ಮಿಡಿತ ಸ್ಕ್ಯಾನಿನಲ್ಲಿ ಮಿಣುಕು ಮಿಣುಕು ಕಾಣೋಕೆ ಶುರುವಾಗೋ ಹೊತ್ತು. ಎಂಟಕ್ಕೆ ಒಂದು ಶೇಂಗಾ ಬೀಜ. ಹತ್ತಕ್ಕೆ ಸುಮಾರು 3 ಸೆಂಟಿಮೀಟರ್, ಬೆರಳು ಬಿಡಿಸಿಕೊಂಡಿರುತ್ತೆ. ಹನ್ನೆರಡಕ್ಕೆ 5-6 ಸೆಂಟಿಮೀಟರ್. ತಾಯಿಗೆ ಒದೆತ ಗೊತ್ತಾಗೋದು ಹದಿನೆಂಟು ಇಪ್ಪತ್ತರ ಸುಮಾರಿಗೆ, ಎರಡನೇ ಮೂರನೇದಕ್ಕೆ ಸ್ವಲ್ಪ ಮೊದಲೇ.

ಗದಗದಿಂದ, ಹೆರಿಗೆ ವಾರ್ಡಿನಲ್ಲಿ ನರ್ಸ್: ಅಕ್ಕ ಹೇಳಿದ್ದು ಸರಿ. ಗುಳಿಗೆಗೆ ನಮ್ಮ ನಿಯಮದಲ್ಲಿ ಒಂಬತ್ತು ವಾರ ಗಡಿ. ಮೊದಲು ಮಿಫೆಪ್ರಿಸ್ಟೋನ್ ಒಂದು ಗುಳಿಗೆ, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ಮೊದಲನೇದು ಗರ್ಭ ಹಿಡಿದಿಡೋ ಹಾರ್ಮೋನನ್ನ ತಡೆಯುತ್ತೆ, ಎರಡನೇದು ನೋವು ಬರಿಸಿ ಹೊರಹಾಕುತ್ತೆ. ಮುಟ್ಟಿಗಿಂತ ಜಾಸ್ತಿ ಹೋಗೋದು ಸಹಜ. ಆದ್ರೆ ಗಂಟೆಗೆ ಎರಡು ದೊಡ್ಡ ಪ್ಯಾಡು ಪೂರ್ತಿ ತೊಯ್ದು, ಹಂಗೇ ಎರಡು ಗಂಟೆ ಆದ್ರೆ, ಅಥವಾ ಮರುದಿನಾನೂ ಜ್ವರ ಇದ್ರೆ, ಮನೇಲಿ ಕೂರಬೇಡಿ. ಸ್ಕ್ಯಾನ್ ಯಾಕೆ ಬೇಕು ಅಂದ್ರೆ ಬರೀ ವಾರಕ್ಕಲ್ಲ. ಗರ್ಭ ಗರ್ಭಕೋಶದ ಹೊರಗೆ, ನಾಳದಲ್ಲಿ ಕೂತಿದ್ರೆ ಈ ಗುಳಿಗೆ ಕೆಲಸ ಮಾಡಲ್ಲ, ನಾಳ ಒಡೆದ್ರೆ ಜೀವಕ್ಕೇ ಬರುತ್ತೆ. ರಕ್ತದ ಗುಂಪು ನೆಗೆಟಿವ್ ಇದ್ರೆ ಮೊದಲೇ ಹೇಳಿ, ಮುಂದಿನ ಬಸಿರಿಗೆ ತೊಂದರೆ ಆಗದಂತೆ ಕೊಡೋ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ಡಾಕ್ಟರ್ ನೋಡ್ತಾರೆ.

ಒಂಬತ್ತು ದಾಟಿ ಹನ್ನೆರಡರೊಳಗೆ ಇದ್ರೆ ಸಾಮಾನ್ಯವಾಗಿ ವ್ಯಾಕ್ಯೂಮ್, ಸಣ್ಣ ನಳಿಕೆ ಹಾಕಿ ಎಳೆಯೋದು. ಐದು ಹತ್ತು ನಿಮಿಷದ ಕೆಲಸ, ಬಹಳ ಮಂದಿ ಅವತ್ತೇ ಮನೆಗೆ ಹೋಗ್ತಾರೆ. ಹಳೇ ಕಾಲದ ಕೆರೆಯೋ ಕ್ಯೂರೆಟಿಂಗ್‌ಗಿಂತ ಇದೇ ಒಳ್ಳೇದು, ಕೇಳಿ ಮಾಡಿಸಿಕೊಳ್ಳಿ. ಅದಕ್ಕಿಂತ ಮುಂದೆ ಹೋದ್ರೆ ವಾರ್ಡಿನಲ್ಲಿ ಮಲಗಿಸಿ ಗುಳಿಗೆ ಕೊಟ್ಟು ನೋವು ಬರಿಸಬೇಕಾಗುತ್ತೆ, ಇಲ್ಲಾಂದ್ರೆ ಗರ್ಭದ ಬಾಯಿ ಹಿಗ್ಗಿಸಿ ತೆಗೆಯೋದು. ಒಂದು ಮಾತು, ಗರ್ಭ ತೆಗೆದ ಮೇಲೆ ಮುಟ್ಟು ಬರೋ ಮುಂಚೆಯೇ ಮತ್ತೆ ಗರ್ಭ ನಿಲ್ಲಬಹುದು. ಕಾಪರ್-ಟಿ ಅಥವಾ ಬೇರೆ ಏನಾದ್ರೂ ಅವತ್ತೇ ಕೇಳಿ.

ಹಾವೇರಿಯಿಂದ: ನನ್ನದು ಬೇಕಾಗಿದ್ದ ಕೂಸು. ಬಿತ್ತನೆ ಗಡಿಬಿಡಿಯಲ್ಲಿ ಮೂರು ತಿಂಗಳ ಸ್ಕ್ಯಾನ್ ತಪ್ಪಿತು. ಇಪ್ಪತ್ತೊಂದನೇ ವಾರಕ್ಕೆ ಮಾಡಿಸಿದಾಗ ತಲೆಯ ಬುರುಡೆಯೇ ಬೆಳೆದಿಲ್ಲ, ಹುಟ್ಟಿದ್ರೂ ಉಳಿಯಲ್ಲ ಅಂದರು. ಗರ್ಭ ತೆಗೆಯೋಕೆ ಇಪ್ಪತ್ತು ವಾರದ ತನಕ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕಂತೆ. ಇಪ್ಪತ್ತರಿಂದ ಇಪ್ಪತ್ನಾಲ್ಕರ ತನಕ ಇಬ್ಬರು, ಅದೂ ಇಂಥ ಕೆಲವು ಕಾರಣಕ್ಕೆ ಮಾತ್ರ. ಅದಾದ ಮೇಲೆ ಮೆಡಿಕಲ್ ಬೋರ್ಡ್. 2021ರಲ್ಲಿ ಕಾನೂನು ಬದಲಾದ ಮೇಲೆ ಹೀಗೆ. ಒಂದು ಹಗಲು ಒಂದು ರಾತ್ರಿ ನೋವು ತಿಂದೆ, ಹೆರಿಗೆ ನೋವೇ ಅದು. ಮೂರನೇ ದಿನ ಎದೆ ಗಟ್ಟಿಯಾಗಿ ಕುಪ್ಪಸ ತೊಯ್ತು. ಹಾಲು ಬರುತ್ತೆ ಅಂತ ಒಬ್ಬರೂ ಹೇಳಿರಲಿಲ್ಲ ನೋಡಿ. ನಮ್ಮವ್ವ ಬಿಗಿಯಾಗಿ ಬಟ್ಟೆ ಕಟ್ಟೋಕೆ ಬಂದಳು, ಆಶಾ ಅಕ್ಕ ಬೇಡ ಅಂದು ತಣ್ಣನೆ ಬಟ್ಟೆ ಇಡೋಕೆ ಹೇಳಿದಳು. ಆ ಸಿಟ್ಟು ನನಗೆ ಇನ್ನೂ ಇದೆ. ಮುಂದಿನ ಬಸಿರಿಗೆ ಮುಂಚೆಯೇ ಫೋಲಿಕ್ ಆಸಿಡ್ ಶುರು ಮಾಡಿದೆ, ಈಗ ಮಗಳಿಗೆ ಎರಡು ವರ್ಷ.

ಮತ್ತೆ ಧಾರವಾಡದಿಂದ: ಮರೆತೆ. ನನಗೆ ಗಂಡನ ಸಹಿ ತಗೊಂಡು ಬಾ ಅಂತ ಕೌಂಟರಿನಲ್ಲಿ ಅಡ್ಡಾಡಿಸಿದ್ದರು. ಹದಿನೆಂಟು ತುಂಬಿದವರಿಗೆ ನಿನ್ನ ಸಹಿ ಒಂದೇ ಸಾಕು, ಅತ್ತೆದೂ ಬೇಡ ಮಾವಂದೂ ಬೇಡ. ನಿನ್ನ ಹೆಸರು ಹೊರಗೆ ಹೇಳಿದ್ರೆ ಅವರಿಗೇ ಶಿಕ್ಷೆ. ರೊಕ್ಕದ ಚಿಂತೆ ಇದ್ರೆ ಸರ್ಕಾರಿ ದವಾಖಾನೆಗೆ ಹೋಗು.

ಕೇಳಿದವಳು: ಅಕ್ಕಾ, ನಿನ್ನೆ ಸ್ಕ್ಯಾನ್ ಆಯ್ತು. ಒಂಬತ್ತು ವಾರ ಐದು ದಿನ ಅಂತೆ. ಗುಳಿಗೆ ಬೇಡ, ವ್ಯಾಕ್ಯೂಮ್ ಮಾಡೋಣ ಅಂದರು. ಗುರುವಾರ ಖಾಲಿ ಹೊಟ್ಟೆಯಲ್ಲಿ ಬರೋಕೆ ಹೇಳಿದ್ದಾರೆ. ಅಷ್ಟು ಹೊತ್ತು ಸಣ್ಣದನ್ನ ಯಾರ ಹತ್ತಿರ ಬಿಡಲಿ ಅಂತ ನೋಡ್ತಿದ್ದೇನೆ, ಬಾಟಲಿ ಹಾಲು ಮುಟ್ಟೋದೇ ಇಲ್ಲ ಅದು.